ಸೀಸದ ಬಿಲ್ಲೆ

ಶನಿವಾರ ಮಧ್ಯಾಹ್ನ ಸಭೆಯ ಹಿರಿಯ ಮುರ್ಡೊ ಸೀಸದ ಬಿಲ್ಲೆಯನ್ನು ಕರ್ಸ್ಟಿಯ ಅಂಗೈಯಲ್ಲಿಟ್ಟಾಗ ಹೊರಗೆ ಸಮುದ್ರ ತೆಪ್ಪಗೆ ಬಿದ್ದಿತ್ತು. ಹೆಬ್ಬೆರಳಿನ ಉಗುರಿನಷ್ಟು ಅಗಲದ, ಮೊಟ್ಟೆಯಾಕಾರದ ಬಿಲ್ಲೆ. ಒಂದು ಮಗ್ಗುಲಲ್ಲಿ ಊರಿನ ಹೆಸರು, ಇನ್ನೊಂದು ಮಗ್ಗುಲಲ್ಲಿ ಈಗಿನ ಪಾದ್ರಿಗಳ ಹೆಸರಿನ ಮೊದಲಕ್ಷರ. ಅದನ್ನು ಕೇಳಲು ಅವಳು ಮದುವೆಯಾಗಿ, ಮಗ ಹುಟ್ಟಿ, ಆ ಮಗ ಬೆಳೆದು ದೋಣಿ ಹತ್ತುವ ತನಕ ಕಾದಿದ್ದಳು. ಹಿರಿಯರು ಬಹಳ ಹೊತ್ತು ಪ್ರಶ್ನೆ ಕೇಳಿದರು. ಅವಳು ತಡವರಿಸುತ್ತಾ ತಿಳಿದಷ್ಟು ಹೇಳಿದಳು. ಕೊನೆಗೆ ಮುರ್ಡೊ ಗಂಟಲು ಸರಿಮಾಡಿಕೊಂಡು ನಾಳೆ ಮೇಜಿಗೆ ಬಾ ಎಂದ.

ನಮ್ಮ ಊರು ಬೋರ್ಸ್ಟಾದಲ್ಲಿ ಕರ್ತನ ಭೋಜನ ವರ್ಷಕ್ಕೆ ಎರಡೇ ಸಲ. ಚರ್ಚಿನ ನಡುವೆ ಉದ್ದನೆಯ ಮೇಜು ಹಾಕಿ ಬಿಳಿ ಬಟ್ಟೆ ಹಾಸುತ್ತಾರೆ. ಬಿಲ್ಲೆ ಇದ್ದವರು ತಮ್ಮ ಜಾಗದಿಂದ ಎದ್ದು ಹೋಗಿ ಅಲ್ಲಿ ಕೂರಬೇಕು, ಬಿಲ್ಲೆ ಒಪ್ಪಿಸಬೇಕು, ರೊಟ್ಟಿ ಮುರಿದು ತಿಂದು ದ್ರಾಕ್ಷಾರಸ ಕುಡಿಯಬೇಕು. ಇಷ್ಟು ಸುಲಭದ ಕೆಲಸಕ್ಕೆ ನಮ್ಮ ಊರಿನ ಮುಕ್ಕಾಲು ಪಾಲು ಜನ ಜನ್ಮದಲ್ಲೇ ಏಳುವುದಿಲ್ಲ. ಚರ್ಚು ಕಿಕ್ಕಿರಿದು ಬಾಗಿಲಾಚೆಗೂ ಜನ ನಿಂತಿರುತ್ತಾರೆ. ಮೇಜಿನ ಮುಂದೆ ಮಾತ್ರ ಒಂದಿಷ್ಟು ಬಿಳಿತಲೆಗಳು. ದೇವರು ತನ್ನನ್ನು ಆರಿಸಿಕೊಂಡಿದ್ದಾನೆಂಬ ನಿಶ್ಚಯವಿಲ್ಲದೆ ಆ ರೊಟ್ಟಿ ತಿಂದವರು ತಮ್ಮ ಶಿಕ್ಷೆಯನ್ನು ತಾವೇ ತಿಂದ ಹಾಗೆ ಎಂದು ತೊಟ್ಟಿಲಲ್ಲಿರುವಾಗಿನಿಂದ ಕೇಳಿ ಬೆಳೆದವರು ಉಳಿದವರೆಲ್ಲ. ನಿಶ್ಚಯ ಬರಲಿ ಎಂದು ಕಾಯುತ್ತಾರೆ. ಅದು ಯಾವ ದಾರಿಯಲ್ಲಿ ಬರುತ್ತದೆ, ಬಂದರೆ ಹೇಗಿರುತ್ತದೆ ಎಂದು ಕೇಳಿದರೆ ಒಬ್ಬರಿಗೂ ಹೇಳಲು ಬಾರದು.

ಕರ್ಸ್ಟಿಯ ತಾಯಿ ಹೀಗೆ ಕಾಯುತ್ತಾ ಕಾಯುತ್ತಾ ಕಳೆದ ಚಳಿಗಾಲದಲ್ಲಿ ಕಣ್ಣು ಮುಚ್ಚಿದಳು. ಅಷ್ಟು ಪ್ರಾರ್ಥನೆ ಮಾಡುವ ಹೆಂಗಸು ಊರಿನಲ್ಲಿ ಇನ್ನೊಬ್ಬಳಿರಲಿಲ್ಲ. ಆದರೂ ಮೇಜಿನ ಹತ್ತಿರ ಸುಳಿದವಳಲ್ಲ. ಕೊನೆಯ ದಿನ ಮಗಳ ಕೈ ಹಿಡಿದುಕೊಂಡು, “ಅವ್ನು ನನ್ನ ಹೆಸ್ರು ಹಿಡಿದು ಕರೀಲಿ ಅಂತ ಬಾಗಿಲಲ್ಲೇ ಕೂತಿದ್ದೆ ಕಣೇ. ಒಳಗೆ ಬಾ ಅಂತ ಯಾವಾಗ್ಲೋ ಅಂದುಬಿಟ್ಟಿದ್ನೋ ಏನೋ,” ಎಂದಳು. ಆ ಮಾತು ಕರ್ಸ್ಟಿಯ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. ಬಿಲ್ಲೆ ಕೇಳುವ ಧೈರ್ಯ ಅವಳಿಗೆ ಬಂದದ್ದು ಅಲ್ಲಿಂದ.

ಆದರೆ ಮನೆಗೆ ಹೋಗುವ ದಾರಿಯಲ್ಲೇ ಗಾಳಿ ತಿರುಗಿತು. ಮೊದಲು ಶಾಲಿನ ತುದಿ ಹಾರಿತು. ದಿಣ್ಣೆ ಹತ್ತುವಷ್ಟರಲ್ಲಿ ನೆಟ್ಟಗೆ ನಿಲ್ಲುವುದೇ ಕಷ್ಟವಾಯಿತು. ಕೆಳಗೆ ಸಮುದ್ರ ದಡದಿಂದ ಕಣ್ಣಿಗೆ ಕಾಣುವಷ್ಟು ದೂರ ಬೆಳ್ಳಗಾಗಿತ್ತು. ಆ ನೀರಿನಲ್ಲೆಲ್ಲೋ ಅವಳ ಮಗನಿದ್ದ.

ಭೋಜನದ ಭಾನುವಾರಕ್ಕೆ ಆಚೆಯ ದ್ವೀಪದವರನ್ನು ಕರೆತರಲು ಪ್ರತಿ ಸಲ ಊರಿನ ದೋಣಿಯೊಂದು ಹೋಗುತ್ತದೆ. ಚುಕ್ಕಾಣಿ ಹಿಡಿಯುತ್ತಿದ್ದವನು ಕರ್ಸ್ಟಿಯ ಗಂಡ ಟೋರ್ಕಿಲ್. ಚಳಿಗಾಲದಲ್ಲಿ ಕಾಲು ಮುರಿದುಕೊಂಡು ಅವನು ಊರುಗೋಲು ಹಿಡಿದ ಮೇಲೆ, ಈ ಸಲ ಅವನ ಜಾಗಕ್ಕೆ ಮಗ ಫಿನ್ಲೆ ಹೋಗಿದ್ದ. ಬೆಳಗ್ಗೆ ಹೊರಟವರು ಮಧ್ಯಾಹ್ನ ಕಳೆಯುವುದರೊಳಗೆ ಬಂದುಬಿಡಬೇಕಿತ್ತು. ಬರಲಿಲ್ಲ. ಗಂಡಸರು ಬಂದರಿನ ಮೇಲಿನ ಬಂಡೆಗೆ ಹೋಗಿ ನೋಡಿದರು. ಒಂದು ಹಾಯಿಯೂ ಕಾಣಲಿಲ್ಲ. ಹುಡುಕಲು ಹೋಗೋಣವೆಂದರೆ ಬಂದರಿನ ಬಾಯಿಯಲ್ಲೇ ದೋಣಿ ಮಗುಚುವಂಥ ಅಲೆ.

ಗಾಳಿ ನೋಡಿ ಹೊರಡದೆ ಅಲ್ಲೇ ಉಳಿದಿರಬಹುದು ಎಂದು ಕೆಲವರು ಅಂದರು. ಉಳಿದಿದ್ದರೆ ಒಳ್ಳೆಯದೇ. ಆದರೆ ಭಾನುವಾರ ದೇವರ ದಿನ, ನಮ್ಮವರು ದೋಣಿ ನೀರಿಗಿಳಿಸುವುದಿಲ್ಲ, ಅವರೂ ಇಳಿಸುವುದಿಲ್ಲ. ಬದುಕಿದ್ದರೆ ಸೋಮವಾರ ಬರುತ್ತಾರೆ. ಹೊರಟು ನಡುನೀರಿನಲ್ಲಿ ಸಿಕ್ಕಿಕೊಂಡಿದ್ದರೆ ಸೋಮವಾರವೂ ಬರುವುದಿಲ್ಲ. ಎರಡರಲ್ಲಿ ಯಾವುದೆಂದು ಅಲ್ಲಿಯ ತನಕ ತಿಳಿಯುವ ದಾರಿಯೇ ಇರಲಿಲ್ಲ.

ಕರ್ಸ್ಟಿಗೆ ಕೂಡಲೇ ನೆನಪಾದದ್ದು ಡೋಲಿನಾ. ಇಡೀ ಊರಿಗೆ ನೆನಪಾದದ್ದೂ ಅವಳೇ ಇರಬೇಕು; ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಡೋಲಿನಾ ಕರ್ಸ್ಟಿಯ ಚಿಕ್ಕಪ್ಪನ ಮಗಳು. ಮದುವೆಯಾದ ಹೊಸತರಲ್ಲಿ, ಯಾರೂ ಮೇಜಿಗೆ ಹೋಗದ ವಯಸ್ಸಿನಲ್ಲಿ ಅವಳು ಎದ್ದು ಹೋಗಿ ರೊಟ್ಟಿ ತಿಂದಿದ್ದಳು. ಆಗಲೇ ಊರು ಹುಬ್ಬೇರಿಸಿತ್ತು. ಅದೇ ವರ್ಷ ಎರಡನೇ ಭೋಜನ ಬಂದಾಗ ಶನಿವಾರ ಮತ್ತೆ ಬಿಲ್ಲೆ ತಂದುಕೊಂಡಳು. ಆ ಸಂಜೆಯೇ ಅವಳ ಗಂಡನ ದೋಣಿ ಬಂದರಿನ ಎದುರಿಗೆ, ಜನ ನೋಡುತ್ತಿದ್ದಂತೆಯೇ ಮುಳುಗಿತು. ಮರುದಿನ ಅವಳು ಚರ್ಚಿಗೆ ಬರಲಿಲ್ಲ. ಆ ಬಿಲ್ಲೆ ಏನಾಯಿತೆಂದು ಯಾರೂ ವಿಚಾರಿಸಲೂ ಇಲ್ಲ. ಸಾವಿನ ಮನೆಯಲ್ಲಿ ಮುರ್ಡೊ ಪ್ರಾರ್ಥನೆ ಮುಗಿಸಿ, ಕರ್ತ ತನ್ನ ಉತ್ತರ ಕೊಟ್ಟಿದ್ದಾನೆ ಎಂದ. ಹೆಚ್ಚೇನೂ ಅನ್ನಲಿಲ್ಲ. ನಮ್ಮ ಊರಿಗೆ ಅಷ್ಟು ಸಾಕು. ಅಂದಿನಿಂದ ದೋಣಿಗೆ ಹೊರಟ ಗಂಡಸು ಡೋಲಿನಾಳ ಮುಖ ನೋಡಿದರೆ ಆ ದಿನ ಮನೆಗೆ ವಾಪಸ್ಸು. ಅವಳ ಮನೆ ಬಂದರಿನ ದಾರಿಯಲ್ಲೇ ಇರುವುದರಿಂದ, ಎಲ್ಲರೂ ಹಿಂದಿನ ಜೌಗು ತುಳಿದುಕೊಂಡು ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಹೋಗುವುದನ್ನು ಕಲಿತರು. ಕರ್ಸ್ಟಿ ತನ್ನ ಮಗನಿಗೂ ಅದನ್ನೇ ಹೇಳಿಕೊಟ್ಟಿದ್ದಳು. ಒಡಹುಟ್ಟಿದವರಂತೆ ಒಂದೇ ಅಂಗಳದಲ್ಲಿ ಆಡಿ ಬೆಳೆದದ್ದು ದೋಣಿಯ ಮಾತು ಬಂದಾಗ ಲೆಕ್ಕಕ್ಕೆ ಬರಲಿಲ್ಲ.

ಭಾನುವಾರದ ನೀರನ್ನು ಶನಿವಾರವೇ ಸೇದಿಟ್ಟುಕೊಳ್ಳಬೇಕು. ಕತ್ತಲಾಗುವ ಮುಂಚೆ ಕರ್ಸ್ಟಿ ಬಾವಿಗೆ ಹೋದಳು. ಉಳಿದ ಹೆಂಗಸರು ಅವಳಿಗೆ ಜಾಗ ಬಿಟ್ಟು ಬೇಗಬೇಗ ಹೊರಟುಹೋದರು. ಎಲ್ಲರೂ ಹೋದ ಮೇಲೆ ಬರುವ ರೂಢಿಯವಳು ಡೋಲಿನಾ. ಬಕೆಟ್ಟು ಕೆಳಗಿಟ್ಟು ಸ್ವಲ್ಪ ದೂರದಲ್ಲೇ ನಿಂತಳು.

“ಕರ್ಸ್ಟಿ, ಫಿನ್ಲೆ ಬೆಳಗ್ಗೆ ನಮ್ಮನೆ ಮುಂದೇನೇ ಹೋದ,” ಎಂದಳು.

ಕರ್ಸ್ಟಿಯ ಕೈಯಲ್ಲಿದ್ದ ಬಕೆಟ್ಟಿನ ನೀರು ಅರ್ಧ ಅವಳ ಕಾಲ ಮೇಲೇ ಚೆಲ್ಲಿತು. “ಹಿಂದಿನ ದಾರಿ ಇತ್ತಲ್ಲ.”

“ಇತ್ತು. ಜೊತೆಯವ್ರು ಅದ್ರಲ್ಲೇ ಹೋದ್ರು. ಇವ್ನೊಬ್ಬ ನೆಟ್ಟಗೆ ಬಾಗ್ಲಿಗೆ ಬಂದ. ‘ಚಿಕ್ಕಮ್ಮ, ಚುಕ್ಕಾಣಿ ಹಿಡೀತಿರೋದು ಇದೇ ಮೊದ್ಲು, ನಂಗೆ ಹೆದ್ರಿಕೆ ಆಗ್ತಿದೆ, ನಮಗೋಸ್ಕರ ಪ್ರಾರ್ಥನೆ ಮಾಡ್ತೀಯಾ’ ಅಂದ. ಇಷ್ಟು ವರ್ಷದಲ್ಲಿ ದೋಣಿಗೆ ಹೋಗೋನೊಬ್ಬ ನನ್ನ ಮುಖ ನೋಡಿ ಮಾತಾಡಿದ್ದು ಅವ್ನೇ ಕಣೇ. ನಿಂಗೆ ಹೇಳ್ದೆ ಇರೋದು ತಪ್ಪಾಗುತ್ತೆ ಅನ್ನಿಸ್ತು.”

ಇವಳ ಜುಟ್ಟು ಹಿಡಿದು ಬಾವಿಗೆ ನೂಕಿಬಿಡಲೇ ಎಂಬಷ್ಟು ಸಿಟ್ಟು ಕರ್ಸ್ಟಿಗೆ ಬಂತು. ಸಿಟ್ಟಿನ ಹಿಂದೆಯೇ ಭಯ. ಬಿಲ್ಲೆ ತಂದ ದಿನವೇ ಗಾಳಿ ತಿರುಗಿತ್ತು, ಹೊರಟ ಮಗ ಅವಳದೇ ಮುಖ ನೋಡಿಕೊಂಡು ಹೋಗಿದ್ದ. ಇನ್ನೇನು ಬಾಕಿ? ಇಷ್ಟು ವರ್ಷ ಬಾಯಿಗೆ ಬಂದು ಬಂದು ನುಂಗಿಕೊಂಡ ಮಾತು ತಾನೇ ಹೊರಗೆ ಬಿತ್ತು.

“ನೀನು ಅವತ್ತು ಆ ಮೇಜಿನ ರೊಟ್ಟೀನ ತಪ್ಪಾಗಿ ತಿಂದಿದ್ಯಾ, ಡೋಲಿನಾ?”

ಡೋಲಿನಾಳಿಗೆ ಬೇಜಾರಾದಂತೆ ಕಾಣಲಿಲ್ಲ. ಕೊನೆಗೂ ಒಬ್ಬರು ಕೇಳಿದರಲ್ಲ ಎಂಬ ಸಮಾಧಾನವೇ ಆದಂತಿತ್ತು. “ಗೊತ್ತಿಲ್ಲ. ನಾನೂ ದಿನಾ ದೇವ್ರನ್ನ ಕೇಳ್ತೀನಿ, ಅವ್ನು ಹೇಳಲ್ಲ. ಕೈಕಾಲು ನಡುಗ್ತಾನೇ ಹೋಗಿ ಕೂತಿದ್ದೆ. ತಿಂದಾದ್ಮೇಲೆ ಆ ಸಂಜೆ ಪೂರ್ತಿ ನಂಗೆ ಯಾವ್ದರ ಹೆದ್ರಿಕೇನೂ ಇರ್ಲಿಲ್ಲ. ನನ್ನ ಗಂಡನ್ನ ಸಮುದ್ರ ತಗೊಂಡ್ತು, ಊರು ನನ್ನ ಮರ್ಯಾದೆ ತಗೊಂಡ್ತು. ಆ ಒಂದು ಸಂಜೆ ಮಾತ್ರ ಸುಳ್ಳು ಅಂತ ಯಾರು ಹೇಳಿದ್ರೂ ನಾನು ಒಪ್ಪಲ್ಲ.”

ಕರ್ಸ್ಟಿ ಬಕೆಟ್ಟು ಎತ್ತಿಕೊಂಡು ಮನೆಗೆ ಬಂದಳು.

ಭೋಜನದ ವಾರವೆಂದರೆ ಎಲ್ಲರ ಮನೆಯಲ್ಲೂ ಪರವೂರಿನ ನೆಂಟರು. ಒಲೆಯ ಸುತ್ತ ಅವರು ಕೂತು ತಗ್ಗಿದ ದನಿಯಲ್ಲಿ ಕೀರ್ತನೆ ಹಾಡುತ್ತಿದ್ದರು. ಟೋರ್ಕಿಲ್ ಊರುಗೋಲು ಊರಿಕೊಂಡು ಅವಳನ್ನು ಹಸು ಕಟ್ಟಿದ ಮೂಲೆಗೆ ಕರೆದುಕೊಂಡು ಹೋದ. ಅವನು ಸಿಡುಕನಲ್ಲ, ಅತಿ ಭಕ್ತನೂ ಅಲ್ಲ. ಭಾನುವಾರದ ಉಪದೇಶ ಉದ್ದವಾದರೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುವ ಆಸಾಮಿ. ಆ ಸಂಜೆ ಅವನ ತುಟಿ ಬಿಳಿಚಿಕೊಂಡಿತ್ತು.

“ಆ ಬಿಲ್ಲೆ ಮುರ್ಡೊಗೆ ವಾಪಸ್ ಕೊಟ್ಬಿಡು,” ಎಂದ.

“ಕೊಟ್ರೆ ಹುಡುಗ ಬರ್ತಾನಾ?”

“ಕೊಡ್ದೆ ಹೋದ್ರೆ? ಡೋಲಿನಾ ಗತಿ ನೀನೇ ನೋಡಿದ್ಯಲ್ಲ. ಆ ದೋಣೀಲಿ ಇರ್ಬೇಕಾಗಿದ್ದೋನು ನಾನು, ಕರ್ಸ್ಟಿ. ಈ ಹಾಳು ಕಾಲು ಸರಿಯಿದ್ದಿದ್ರೆ ನಾನೇ ಇರ್ತಿದ್ದೆ. ನೀನು ನಾಳೆ ಮೇಜಿಗೆ ಹೋಗಿ, ಸೋಮವಾರ ಅವ್ನು ಬರ್ದೆ ಇದ್ರೆ, ಆಮೇಲೆ ನಾವಿಬ್ರು ಒಂದೇ ಮನೇಲಿ ಹೇಗೆ ಇರೋದು ಹೇಳು.”

ರೇಗಿದ್ದರೆ ಅವಳೂ ರೇಗಬಹುದಿತ್ತು. ಅವನು ಬೇಡಿಕೊಳ್ಳುತ್ತಿದ್ದ. ಕರ್ಸ್ಟಿ ಆಯಿತು, ಕೊಟ್ಟುಬಿಡುತ್ತೇನೆ ಎಂದಳು. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಬಿಲ್ಲೆಯನ್ನು ಕರವಸ್ತ್ರದ ಮೂಲೆಯಲ್ಲಿ ಗಂಟು ಹಾಕಿ ತೆಗೆದಿಟ್ಟಳು.

ಬೆಳಗ್ಗೆಯೂ ಗಾಳಿ ಹಾಗೇ ಇತ್ತು. ಊರಿಗೆ ಊರೇ ಕಪ್ಪು ಬಟ್ಟೆ ತೊಟ್ಟು, ತಲೆ ಬಗ್ಗಿಸಿಕೊಂಡು ಚರ್ಚಿನ ಕಡೆ ನಡೆಯಿತು. ದಾರಿಯಲ್ಲಿ ಬಂದರು ಕಾಣುವ ತಿರುವು ಬಂದಾಗ ಕರ್ಸ್ಟಿ ನೆಲ ನೋಡಿಕೊಂಡೇ ದಾಟಿದಳು. ಟೋರ್ಕಿಲ್ ನೋಡಿದ. ಅವನೇನೂ ಹೇಳದ್ದರಿಂದ ನೋಡುವಂಥದ್ದೇನೂ ಅಲ್ಲಿಲ್ಲವೆಂದು ಅವಳಿಗೆ ತಿಳಿಯಿತು.

ಚರ್ಚಿನ ಬಾಗಿಲಲ್ಲಿ ಕಾಣಿಕೆ ತಟ್ಟೆಯ ಪಕ್ಕ ಮುರ್ಡೊ ನಿಂತಿದ್ದ. ಅವಳನ್ನು ಕಂಡೊಡನೆ ಅವನಿಗೆ ಅರ್ಥವಾಯಿತು. ದನಿ ತಗ್ಗಿಸಿ, ಅಕ್ಕರೆಯಿಂದಲೇ ಹೇಳಿದ: “ಹಿಂದಕ್ಕೆ ಕೊಡೋ ಹಾಗಿದ್ರೆ ಕೊಡಮ್ಮ. ನಿನ್ನ ಯಾರೂ ಏನೂ ಅನ್ನಲ್ಲ. ಬೇಸಿಗೆ ಕಳೆದ್ಮೇಲೆ ಮತ್ತೆ ಕೇಳಿದ್ರಾಯ್ತು.” ಅಂಗೈ ಚಾಚಿದ.

ಕೊಡಬೇಕೆಂದೇ ಅವಳು ಬಂದಿದ್ದಳು. ಕರವಸ್ತ್ರದ ಗಂಟು ಕೈಯಲ್ಲೇ ಇತ್ತು. ಆದರೆ ಬೇಸಿಗೆ ಕಳೆದ ಮೇಲೆ ಎಂಬ ಮಾತು ಕಿವಿಗೆ ಬಿದ್ದಾಗ ಅವಳಿಗೆ ತಾಯಿಯ ದನಿಯೇ ಕೇಳಿಸಿದಂತಾಯಿತು. ಹಿಂದಿನಿಂದ ಜನ ಒತ್ತುತ್ತಿದ್ದರು. ಮುಷ್ಟಿ ಬಿಚ್ಚಲಿಲ್ಲ. ಅವಳು ಒಳಗೆ ಹೋಗಿ ಗಂಡನ ಪಕ್ಕ ಕೂತಳು. ಕೊಟ್ಟೆಯಾ ಎಂದು ಅವನು ಕಣ್ಣಲ್ಲೇ ಕೇಳಿದ. ಅವಳು ಇನ್ನೊಂದು ಕಡೆ ನೋಡಿದಳು.

ಉಪದೇಶ ಮುಗಿದ ಮೇಲೆ ಪಾದ್ರಿಗಳು ಮೇಜಿಗೆ ಬೇಲಿ ಹಾಕಿದರು. ಹಾಗೆಂದರೆ ಯಾರು ಯಾರು ಬರಕೂಡದು ಎಂದು ಒಂದೊಂದಾಗಿ ಹೇಳುವುದು. ಸುಳ್ಳು ಹೇಳುವವರು, ನೆರೆಯವರ ಮೇಲೆ ಹಗೆ ಸಾಧಿಸುವವರು, ದೇವರ ಜೊತೆ ಚೌಕಾಸಿ ಮಾಡುವವರು. ಪ್ರತಿ ಮಾತಿಗೂ ಕರ್ಸ್ಟಿಗೆ ತನ್ನ ಹೆಸರನ್ನೇ ಕರೆದಂತಾಗುತ್ತಿತ್ತು. ನಿನ್ನೆ ಬಾವಿಕಟ್ಟೆಯಲ್ಲಿ ಎಂಥ ಯೋಚನೆ ಬಂದಿತ್ತು ತನಗೆ! ತಾನು ಯೋಗ್ಯಳಲ್ಲ, ಇದರಲ್ಲಿ ಅನುಮಾನವೇ ಇಲ್ಲ. ಎದ್ದು ಹೋದರೆ ಫಿನ್ಲೆ ಹೋಗುತ್ತಾನೆ. ಇಲ್ಲೇ ಕೂತಿದ್ದರೆ ಬರುತ್ತಾನೆ.

ಬರುತ್ತಾನಾ? ಅಲ್ಲಿಗೆ ಬಂದು ಅವಳ ಯೋಚನೆ ಮುಗ್ಗರಿಸಿತು. ತಾನು ಇಲ್ಲಿ ಕೂತದ್ದಕ್ಕೆ ಪ್ರತಿಯಾಗಿ ಮಗನನ್ನು ಕೊಡು ಎಂದರೆ ಚೌಕಾಸಿಯಲ್ಲದೆ ಮತ್ತೇನು? ಬಡ ಹೆಂಗಸಿನ ಒಬ್ಬನೇ ಮಗನನ್ನು ಒಂದು ತುಂಡು ರೊಟ್ಟಿಗಾಗಿ ಮುಳುಗಿಸುವಂಥ ದೇವರಾದರೆ, ಅಂಥವನ ಮುಂದೆ ಹೆದರಿ ಕೂತಿದ್ದಕ್ಕೂ ಅವನು ಮುಳುಗಿಸಿಯಾನು. ಅವನು ಅಂಥವನಲ್ಲದಿದ್ದರೆ? ಅವನು ಎಂಥವನೆಂದು ನಿಶ್ಚಯ ಮಾಡಿಕೊಂಡು ಏಳುತ್ತೇನೆಂದರೆ ಅಮ್ಮನ ಹಾಗೆ ಬಾಗಿಲಲ್ಲೇ ಮುದುಕಿಯಾಗಬೇಕು.

ಕೀರ್ತನೆ ಶುರುವಾಯಿತು. ಮುಂದಾಳು ಒಂದೊಂದು ಸಾಲು ಎತ್ತಿಕೊಟ್ಟ. ಜನ ಅದನ್ನು ಎಳೆದೆಳೆದು ಹಾಡಿದರು. ಮೇಜಿಗೆ ಹೋಗುವವರು ಈ ಹಾಡು ಮುಗಿಯುವುದರೊಳಗೆ ಹೋಗಬೇಕು. ಮೊದಲಿಗನಾಗುವುದು ಯಾರಿಗೂ ಬೇಡ. ಕೊನೆಗೆ ಒಬ್ಬ ಮುದುಕ ಎದ್ದ, ಅವನ ಹಿಂದೆ ಇಬ್ಬರು ಮುದುಕಿಯರು, ಆಮೇಲೆ ಇನ್ನಷ್ಟು ಬಿಳಿತಲೆಗಳು. ಮೇಜಿನ ಪಕ್ಕದ ಬೆಂಚಿನಲ್ಲಿ ಬೇಕಾದಷ್ಟು ಜಾಗ ಉಳಿದಿತ್ತು. ಮಾಡಿನ ಮೇಲಿನ ಕಲ್ಲುಚಪ್ಪಡಿಗಳನ್ನು ಗಾಳಿ ಕಿತ್ತೊಗೆಯುವಂತೆ ಅಲುಗಿಸುತ್ತಿತ್ತು. ಒಂದೇ ಪದ್ಯ ಉಳಿಯಿತು.

ಆಗ ಅವಳ ಕಣ್ಣಿಗೆ ಕಟ್ಟಿದ್ದು ಫಿನ್ಲೆ. ಮುಳುಗುತ್ತಿರುವ ಫಿನ್ಲೆಯಲ್ಲ, ಅವನನ್ನು ಅವಳು ನಿನ್ನೆಯಿಂದ ಬೇಕಾದಷ್ಟು ಸಲ ಕಂಡಿದ್ದಳು. ಇವನು ನಿನ್ನೆ ಬೆಳಗಿನ ಫಿನ್ಲೆ, ಎರಡು ದಾರಿ ಕೂಡುವಲ್ಲಿ ನಿಂತವನು. ಜೊತೆಯವರು ಕೆಸರಿನ ಕಡೆ ತಿರುಗಿದಾಗ, ಹೆದರಿಕೆಯಾಗುತ್ತಿದ್ದರೂ, ತಾಯಿ ಹೇಳಿಕೊಟ್ಟದ್ದನ್ನು ಬಿಟ್ಟು ನೆಟ್ಟಗೆ ಆ ಬಾಗಿಲಿಗೆ ಹೋದವನು. ಆ ಹುಡುಗನಿಗೆ ಯಾವ ನಿಶ್ಚಯವಿತ್ತು? ಯಾವುದೂ ಇರಲಿಲ್ಲ.

ಕರ್ಸ್ಟಿ ಎದ್ದಳು. ಟೋರ್ಕಿಲ್ ಅವಳ ಶಾಲಿನ ತುದಿ ಹಿಡಿದುಕೊಂಡ. ಜಗ್ಗಲಿಲ್ಲ, ಸುಮ್ಮನೆ ಹಿಡಿದುಕೊಂಡ. ಅವಳು ತಿರುಗಿ ನೋಡಿದಳು. ಅವನ ಕಣ್ಣು ತುಂಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನೇ ಬಿಟ್ಟ.

ನಡುವಿನ ದಾರಿ ಅಷ್ಟು ಉದ್ದವೆಂದು ಅವಳಿಗೆ ಗೊತ್ತಿರಲಿಲ್ಲ. ಇಡೀ ಊರಿನ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು: ಮಗ ಸಮುದ್ರದಲ್ಲಿದ್ದಾನೆ, ಇವಳಿಗೆ ಎಷ್ಟು ಸೊಕ್ಕು! ಬೆಂಚಿನ ತುದಿಯಲ್ಲಿ ಕುಸಿದು ಕೂತು ಕರವಸ್ತ್ರದ ಗಂಟು ಬಿಚ್ಚಲು ನೋಡಿದಳು. ಬೆರಳು ಹಿಡಿತಕ್ಕೆ ಸಿಗಲಿಲ್ಲ, ಹಲ್ಲಿನಿಂದ ಬಿಚ್ಚಿದಳು. ಮುರ್ಡೊ ಬಂದು ಬಿಲ್ಲೆ ತೆಗೆದುಕೊಂಡ. ಅವಳ ಮುಖ ನೋಡಲಿಲ್ಲ. ಹೆದರಿಕೆ ಹೋಗುತ್ತದೆಂದು ಅವಳು ಕಾದಳು. ಹೋಗಲಿಲ್ಲ, ಅವಳ ಜೊತೆಯಲ್ಲೇ ಬಂದು ಕೂತಿತ್ತು.

ಹಾಡಿನ ಕೊನೆಯ ಸಾಲಿಗೆ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಜನ ಹಾಡುತ್ತಿದ್ದುದು ಅಲ್ಲಲ್ಲಿ ಕಡಿಯಿತು. ಬಾಗಿಲ ಬಳಿ, ನಿಂತವರ ನಡುವೆ ಯಾವಾಗಲೂ ಒಂದು ತೋಳಿನಷ್ಟು ಜಾಗ ಬಿಡಿಸಿಕೊಂಡು ನಿಲ್ಲುತ್ತಿದ್ದ ಡೋಲಿನಾ ನಡೆದು ಬಂದು ಮೇಜಿನ ತುದಿಯಲ್ಲಿ ನಿಂತಳು. ಮುರ್ಡೊ ಅವಳಿಗೆ ಅಡ್ಡ ಬಂದ. ಅವಳು ಅಂಗೈ ಬಿಚ್ಚಿದಳು. ಚೌಕದ ಬಿಲ್ಲೆ, ಸತ್ತುಹೋದ ಹಳೆಯ ಪಾದ್ರಿಗಳ ಅಕ್ಷರ, ಬೆರಳು ಆಡಿ ಆಡಿ ಅರ್ಧ ಸವೆದಿತ್ತು. ಗಂಡ ಮುಳುಗಿದ ಆ ಶನಿವಾರದ್ದು. ಇಷ್ಟು ವರ್ಷ ಅವಳು ಅದನ್ನು ವಾಪಸ್ಸೂ ಕೊಟ್ಟಿರಲಿಲ್ಲ, ಎಸೆದೂ ಇರಲಿಲ್ಲ.

ಈಗ ಆ ಬಿಲ್ಲೆ ನಡೆಯುವುದಿಲ್ಲ ಎಂದು ಹೇಳಲು ಮುರ್ಡೊ ಬಾಯಿ ತೆರೆದ. ಕೊಟ್ಟವನು ತಾನೇ ಎಂಬುದು ಅವನಿಗೆ ಮರೆತಿರಲಾರದು. ಪಾದ್ರಿಗಳ ಕಡೆ ನೋಡಿದ. ಅವರು ಈ ಊರಿಗೆ ಆಮೇಲೆ ಬಂದವರು, ತಿಳಿಯದೆ ಅವನನ್ನೇ ನೋಡಿದರು. ಹಾಡು ನಿಂತುಹೋಗಿತ್ತು. ಡೋಲಿನಾ ಕೂರಲೂ ಇಲ್ಲ, ಹಿಂದಕ್ಕೆ ಹೋಗಲೂ ಇಲ್ಲ. ಬೆಂಚಿನ ತುದಿಯಲ್ಲಿ ಕರ್ಸ್ಟಿಯೇ ಇದ್ದಳು.

ಅವಳು ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

ಡೋಲಿನಾ ಕೂತಳು. ಮುರ್ಡೊ ಆ ಚೌಕದ ಬಿಲ್ಲೆಯನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಿದ್ದು, ಆಮೇಲೆ ಉಳಿದವುಗಳ ಜೊತೆ ಹಾಕಿದ.

ಪಾದ್ರಿಗಳು ಪ್ರಾರ್ಥನೆ ಮಾಡಿ ರೊಟ್ಟಿ ಮುರಿದರು. ಅದು ಮೇಜಿನ ಆ ತುದಿಯಿಂದ ಕೈಯಿಂದ ಕೈಗೆ ದಾಟುತ್ತಾ ಬಂತು. ಹೊರಗೆ ಗಾಳಿ ತಗ್ಗಿರಲಿಲ್ಲ. ಸೋಮವಾರಕ್ಕೆ ಇನ್ನೂ ಒಂದು ಇಡೀ ರಾತ್ರಿ ಇತ್ತು. ಪಕ್ಕದ ಮುದುಕಿ ಕೊಟ್ಟ ರೊಟ್ಟಿಯಿಂದ ಕರ್ಸ್ಟಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಒಣಗಿದ ಬಾಯಿಯಲ್ಲಿ ಅದು ಇಳಿಯಲು ಹೊತ್ತು ಹಿಡಿಯಿತು. ಉಳಿದ ರೊಟ್ಟಿ ಹಿಡಿದುಕೊಂಡು ಅವಳು ಈಚೆ ತಿರುಗಿ, ಡೋಲಿನಾಳ ಮುಖ ನೋಡಿ, ಕೊಟ್ಟಳು.